ದೀಪದ ಸರದಿ

ನಗರದ ದೊಡ್ಡ ಬಸ್ ನಿಲ್ದಾಣದ ಎದುರಿಗಿರುವ ಪುರಾತನ ಬೌದ್ಧ ಮಂದಿರದಲ್ಲಿ ಬುದ್ಧನ ಮುಂದಿನ ದೀಪ ಶತಮಾನಗಳಿಂದ ಒಂದು ಸಂಜೆಯೂ ತಪ್ಪದೆ ಬೆಳಗಿದೆ. ಈ ಪರಂಪರೆಯನ್ನು ಕಾಪಾಡಲೆಂದೇ ನಮ್ಮ ಸಂದರ್ಶಕರ ನಿರ್ವಹಣಾ ಕಚೇರಿಯನ್ನು ಸ್ಥಾಪಿಸಲಾಯಿತು.

ಮೊದಲ ಆದೇಶ: ಮಂದಿರಕ್ಕೆ ಎಲ್ಲರೂ ಸರತಿಯಲ್ಲೇ ಬರತಕ್ಕದ್ದು, ಬರಿಗಾಲಲ್ಲಿ ಬರತಕ್ಕದ್ದು, ಯಾರೂ ಒಳಗೆ ತಂಗತಕ್ಕದ್ದಲ್ಲ. ತಪಾಸಣೆ ಮಾಡಿದಾಗ ಒಬ್ಬರು ಬಹುಕಾಲದಿಂದ ಒಳಗೇ ತಂಗಿರುವುದು ಬೆಳಕಿಗೆ ಬಂತು. ದೀಪ ಹಚ್ಚುವ ಭಿಕ್ಕು. ಕಚೇರಿಯ ಅಧಿಕಾರಿಯಾದ ನಾನೇ ಅವರನ್ನು ಸಕಲ ಗೌರವಗಳೊಂದಿಗೆ ಹೊರತಂದು ಸಾಲಿನ ತುದಿಯಲ್ಲಿ ನಿಲ್ಲಿಸಿದೆ. ತುದಿ ಆಗ ಮೊಬೈಲ್ ರಿಪೇರಿ ಅಂಗಡಿಯ ಮುಂದಿತ್ತು.

"ಸಂಜೆ ದೀಪ ಹಚ್ಬೇಕಲ್ಲಪ್ಪ," ಎಂದರು.

"ಧಾರಾಳವಾಗಿ ಹಚ್ಚಿ ಗುರುಗಳೇ. ನಿಮ್ಮ ಸರದಿ ಬಂದಾಗ."

ಅವರ ಹಿಂದೆ ಬಂದು ನಿಂತ ಅಜ್ಜಿಗೆ ತಡೆಯಲಾಗಲಿಲ್ಲ. "ಅಲ್ಲಯ್ಯ, ನಿನಗೇನು ತಲೆಗಿಲೆ ಕೆಟ್ಟಿದೆಯಾ?"

"ದೂರುಗಳಿಗೆ ಬೇರೆ ಕೌಂಟರ್ ಇದೆ ಅಜ್ಜಿ. ಸದ್ಯಕ್ಕೆ ಮುಚ್ಚಿದೆ."

ಹೊತ್ತು ಮುಳುಗಿತು. ಸಾಲು ಕದಲಲಿಲ್ಲ. ಭಿಕ್ಕು ಜೋಳಿಗೆಯಿಂದ ಹಣತೆ ತೆಗೆದರು, ಅಜ್ಜಿ ಬೆಂಕಿಪೊಟ್ಟಣ ಕೊಟ್ಟರು. ದೀಪ ಫುಟ್‌ಪಾತಿನ ಮೇಲೇ ಹೊತ್ತಿಕೊಂಡಿತು. ನಾನು ಕೂಡಲೇ ಮೇಲಧಿಕಾರಿಗೆ ಫೋನ್ ಮಾಡಿದೆ.

"ಸಾರ್, ದೀಪ ಮಂದಿರದ ಹೊರಗೆ ಉರೀತಿದೆ. ಪರಂಪರೆ ಮುರಿದುಬಿತ್ತು!"

"ಯಾಕ್ರೀ ಗಾಬರಿ? ಅದು ಉರೀತಿರೋ ಜಾಗವನ್ನೇ ಮಂದಿರ ಅಂತ ಬರೆದುಬಿಡಿ."

ಮಂದಿರದ ಗಡಿಯನ್ನು ಆ ರಾತ್ರಿಯೇ ಮೊಬೈಲ್ ಅಂಗಡಿಯವರೆಗೆ ವಿಸ್ತರಿಸಲಾಯಿತು. ಅಂಗಡಿಯವನು ಚಪ್ಪಲಿ ಬಿಟ್ಟು ಹೊರನಡೆದ. ಭಿಕ್ಕು ಮತ್ತೆ ಮಂದಿರದೊಳಗೆ ತಂಗಿದಂತಾದ್ದರಿಂದ ಅವರನ್ನು ಮತ್ತೆ ಸಕಲ ಗೌರವಗಳೊಂದಿಗೆ ಹೊರತಂದು, ಇನ್ನೂ ಆಚೆಗೆ ನಿಲ್ಲಿಸಿದೆ. ಮರುದಿನ ಸಂಜೆ ಅಲ್ಲಿಯೂ ದೀಪ ಹಚ್ಚಿದರು.

ಹೀಗೆ ಮಂದಿರವು ಬಸ್ ನಿಲ್ದಾಣ, ಆಸ್ಪತ್ರೆ, ನ್ಯಾಯಾಲಯಗಳನ್ನು ಒಳಗೊಂಡು ಉತ್ತಮ ಪ್ರಗತಿ ಸಾಧಿಸಿದೆ. ಜನ ಮೊದಮೊದಲು ಗೊಣಗಿದರು, ಆಮೇಲೆ ಮಡಚುವ ಕುರ್ಚಿ ಕೊಂಡರು.

ನಿನ್ನೆ ಗಡಿ ನಮ್ಮ ಮನೆಯನ್ನು ದಾಟಿತು. ನಿಯಮ ಎಲ್ಲರಿಗೂ ಒಂದೇ. ಹೆಂಡತಿಯನ್ನು ನಾನೇ ಹೊರತಂದು ಸಾಲಿನ ತುದಿಯಲ್ಲಿ, ಭಿಕ್ಕುವಿನ ಹಿಂದೆ ನಿಲ್ಲಿಸಿ, ಅವಳ ಹಿಂದೆ ನಾನೂ ನಿಂತೆ.

"ರೀ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ!"

"ಧಾರಾಳವಾಗಿ ಇಳಿಸು," ಎಂದೆ. "ನಿನ್ನ ಸರದಿ ಬಂದಾಗ."

ಭಿಕ್ಕು ತಮ್ಮ ಜಾಗವನ್ನು ಅವಳಿಗೆ ಬಿಟ್ಟುಕೊಡಲು ಬಂದರು. ಸಾಲು ತಪ್ಪಿಸಬಾರದೆಂದು ಅವಳೇ ಅವರನ್ನು ಗದರಿಸಿದಳು.