ಚಿತ್ರಕ್ಕಿಟ್ಟ ಟಿಕಳಿ

ಕೆಲವರಿಗೆ ಬಿಪಿ ಇರುತ್ತದೆ, ಕೆಲವರಿಗೆ ಶುಗರ್. ನನಗಿರುವುದು ಸಂಶಯ. ಅದಕ್ಕೆ ಮಾತ್ರೆ ಇಲ್ಲ. ಯಾರಾದರೂ ನಕ್ಕು ಮಾತಾಡಿಸಿದರೆ ಏನೋ ಮಾರಲು ಬಂದಿದ್ದಾರೆ ಎಂದುಕೊಳ್ಳುತ್ತೇನೆ. ನಗದೆ ಹೋದರೆ ಯಾರೋ ನನ್ನ ಮೇಲೆ ಚಾಡಿ ಹೇಳಿದ್ದಾರೆ ಎಂದುಕೊಳ್ಳುತ್ತೇನೆ. ಧಾರವಾಡದಲ್ಲಿದ್ದಾಗ ಹಾಲಿನವನ ಮೇಲಷ್ಟೇ ಇದ್ದ ಈ ರೋಗ, ಮೆಲ್ಬರ್ನಿನ ಕ್ಲೈಡ್ ನಾರ್ತ್‌ನಲ್ಲಿ ಮನೆ ಮಾಡಿದ ಮೇಲೆ ಇಡೀ ಸಬರ್ಬಿಗೆ ಹಬ್ಬಿತು.

ಅದರಲ್ಲೂ ಪಕ್ಕದ ಮನೆಯ ಮಹನಾಜ್ ಮೇಲೆ. ಆಕೆ ಇರಾನಿನ ಚಿತ್ರಕಲಾವಿದೆ, ನನ್ನ ಹೆಂಡತಿ ಶೈಲಾಳ ಜೀವದ ಗೆಳತಿ. ಶೈಲಾ ಶುಕ್ರವಾರ ಡ್ರೈವ್‌ವೇ ಮೇಲೆ ರಂಗೋಲಿ ಹಾಕಿದರೆ ಸಾಕು, ಈಕೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದು ಫೋಟೊ ಹೊಡೆದುಕೊಳ್ಳುತ್ತಿದ್ದಳು. ಒಮ್ಮೆ ಹೊಡೆದರೆ ಪ್ರೀತಿ ಅನ್ನಬಹುದು. ವಾರವಾರವೂ? ಸಿಟಿಯ ಗ್ಯಾಲರಿಯೊಂದರಲ್ಲಿ ತನ್ನ ಏಕವ್ಯಕ್ತಿ ಪ್ರದರ್ಶನವಿದೆ, ಬರಲೇಬೇಕು ಎಂದು ಬಂದು ಕರೆದಾಗ ನನಗೆ ಎಲ್ಲ ತಿಳಿದುಹೋಯಿತು. ರಂಗೋಲಿ ನನ್ನ ಹೆಂಡತಿಯದು, ಹೆಸರು ಪಕ್ಕದ ಮನೆಯವಳಿಗೆ. ಕಳ್ಳತನವನ್ನು ಕಣ್ಣಾರೆ ಹಿಡಿಯಲೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ.

ಗ್ಯಾಲರಿಯಲ್ಲಿ ಶೈಲಾ ತನ್ನ ವ್ಯಾನಿಟಿ ಬ್ಯಾಗನ್ನು ನನ್ನ ಕೈಗೆ ಕೊಟ್ಟು ಗೆಳತಿಯ ಹತ್ತಿರ ಹೋದಳು. ನಾನು ಬ್ಯಾಗನ್ನು ಹೆಗಲಿಗೇರಿಸಿ ತನಿಖೆ ಶುರು ಮಾಡಿದೆ. ದಾಳಿಂಬೆ, ಗುಬ್ಬಚ್ಚಿ, ನೀಲಿ ಬಾಗಿಲು. ರಂಗೋಲಿ ಎಲ್ಲೂ ಕಾಣಲಿಲ್ಲ. ಆದರೆ ಚಿತ್ರಗಳ ಪಕ್ಕ ಗೋಡೆಯ ಮೇಲೆ ಒಂದೊಂದು ಕೆಂಪು ಬೊಟ್ಟು ಇತ್ತು. ಹೊಸ ಕಾರಿಗೆ, ಫ್ರಿಜ್ಜಿಗೆ, ಕೊನೆಗೆ ವೈಫೈ ಡಬ್ಬಿಗೂ ಕುಂಕುಮ ಹಚ್ಚುವವಳು ನಮ್ಮ ಶೈಲಾ. ನೋಡಿ, ಆ ಕುಂಕುಮವನ್ನೂ ಕದಿಯದೆ ಬಿಟ್ಟಿಲ್ಲ ಈ ಮಹನಾಜ್, ಎಂದು ಹಲ್ಲು ಕಡಿದೆ.

ಮೂಲೆಯ ಒಂದು ಚಿತ್ರಕ್ಕೆ ಮಾತ್ರ ಬೊಟ್ಟಿರಲಿಲ್ಲ. ಕದ್ದದ್ದು ಇದೇ ಇರಬೇಕು, ಅಂಜಿಕೆಗೆ ಕುಂಕುಮ ಹಚ್ಚಿಲ್ಲ ಎಂದು ಮೂಗು ತಾಗುವಷ್ಟು ಹತ್ತಿರ ಹೋದೆ. ರಂಗೋಲಿಯಲ್ಲ. ಬಣ್ಣದ ಟೈಲ್ಸ್ ಹಾಸಿದ ಅಂಗಳದಲ್ಲಿ ಒಬ್ಬ ಮುದುಕಿ ಅಕ್ಕಿ ಆರಿಸುತ್ತ ಕೂತಿದ್ದಳು. ಬಾಗಿಲಲ್ಲಿ ಯಾರೋ ಬಂದರೇನೋ ಎಂಬಂತೆ ತಲೆ ಎತ್ತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಪಾಪ, ಎಲ್ಲಕ್ಕೂ ಹಚ್ಚಿ ಈ ಅಜ್ಜಿಯನ್ನು ಮರೆತಿದ್ದಾರೆ ಅನ್ನಿಸಿ, ಬ್ಯಾಗಿನಲ್ಲಿದ್ದ, ಶೈಲಾ ಹಣೆಗಿಟ್ಟುಕೊಳ್ಳುವ ಟಿಕಳಿ ಹಾಳೆಯಿಂದ ಒಂದು ಕೆಂಪು ಟಿಕಳಿ ಕಿತ್ತು ಚಿತ್ರದ ಪಕ್ಕ ಅಂಟಿಸಿದೆ.

ಗ್ಯಾಲರಿಯ ಹುಡುಗಿ ನೋಡಿಬಿಟ್ಟಳು. ನಗುತ್ತ ಬಂದು ಅಭಿನಂದನೆ ಹೇಳಿದಳು. ಬೊಟ್ಟು ಅಂಟಿಸುವುದು ತಮ್ಮ ಕೆಲಸವಂತೆ, ಆದರೂ ಪರವಾಗಿಲ್ಲವಂತೆ. ಚಿತ್ರ ಮಾರಾಟವಾಗಿದೆ ಎಂಬುದಕ್ಕೆ ಅದು ಗುರುತಂತೆ. ನಿಮ್ಮ ಹೆಸರೇನು ಎಂದು ಕೇಳಿದಳು.

ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಮಹನಾಜ್ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು. ಚಿತ್ರದಲ್ಲಿರುವುದು ಅವಳ ಅಮ್ಮನಂತೆ. ದೇಶ ಬಿಟ್ಟು ಬಂದ ಮೇಲೆ ಮತ್ತೆ ನೋಡಲು ಆಗಲೇ ಇಲ್ಲವಂತೆ.

"ಯಾರದೋ ಮನೆಗೆ ಹೋಗಿಬಿಡ್ತಾಳೆ ಅಂತ ಹೆದರಿದ್ದೆ," ಎಂದಳು ಇಂಗ್ಲಿಷಿನಲ್ಲಿ. "ಈಗ ಪಕ್ಕದ ಮನೇಲೇ ಇರ್ತಾಳೆ."

ಟಿಕಳಿಯ ಕಥೆ ನನ್ನ ಬಾಯಲ್ಲಿ ಬಿಸಿ ತುಪ್ಪವಾಯಿತು. ನುಂಗಿಕೊಂಡು ಹೆಸರು ಬರೆಸಿದೆ.

ಹಿಂತಿರುಗುವಾಗ ಕಾರು ಫ್ರೀವೇ ಹತ್ತಿದ ಮೇಲೆ ಶೈಲಾ ಮೆಲ್ಲಗೆ ಕೇಳಿದಳು: "ಅಲ್ರೀ, ನನಗೊಂದು ಸೀರಿ ತಗೋಬೇಕಂದ್ರ ಇನ್ನೊಂದು ಅಂಗಡಿ ನೋಡೂಣು, ಇನ್ನೊಂದು ಅಂಗಡಿ ನೋಡೂಣು ಅಂತೀರಿ. ಆಕೀ ಚಿತ್ರ ನೋಡಿದ ಕೂಡ್ಲೆ ಹೆಂಗ ಮನಸಿಗೆ ಬಂತು?"

ಟಿಕಳಿಯ ನಿಜ ಹೇಳಲು ಹೋದರೆ ಅವಳ ಗೆಳತಿಯನ್ನು ಕಳ್ಳಿ ಎಂದುಕೊಂಡದ್ದನ್ನೂ ಹೇಳಬೇಕಿತ್ತು. ಇಂಡಿಕೇಟರ್ ಹಾಕಿ ಲೇನ್ ಬದಲಿಸಿದೆ.

ಚಿತ್ರ ಈಗ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಮಹನಾಜ್ ಅಮ್ಮನನ್ನು ನೋಡಲು ದಿನಾ ಸಂಜೆ ಬರುತ್ತಾಳೆ. ಅವಳು ಬಂದಾಗಲೆಲ್ಲ ಶೈಲಾ ಚಹಾ ಸೋಸುವ ನೆಪದಲ್ಲಿ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿರುತ್ತಾಳೆ. ಆ ನೋಟದ ಗುರುತು ನನಗೆ ಚೆನ್ನಾಗಿದೆ. ಇಷ್ಟು ದಿನ ಅದು ನನ್ನ ಕಣ್ಣಲ್ಲಿತ್ತು.