ಕೈ ಕಟ್ಟಿಕೊಂಡು ಹಲ್ಲು ಕೂರಿಸಿದ ವಿಚಾರವಾಗಿ ವೀಸಾ ಕಚೇರಿಗೊಂದು ಅಹವಾಲು

ಮಾನ್ಯ ವೀಸಾ ಅಧಿಕಾರಿಗಳೇ,

ತಮ್ಮ ಗಾಜಿನ ಕಿಟಕಿಗೂ, ಅದರ ಮುಂದಿನ ಗಟ್ಟಿ ಬೆಂಚಿಗೂ, ಗುಂಡಿ ಒತ್ತಿದವರಿಗೆಲ್ಲ ಭೇದಭಾವವಿಲ್ಲದೆ ಟೋಕನ್ ಕೊಡುವ ಯಂತ್ರಕ್ಕೂ ಮೊದಲು ನನ್ನ ನಮಸ್ಕಾರಗಳು ಸಲ್ಲಲಿ. ತಮ್ಮ ಮುಖ ಕಾಣುವ ಭಾಗ್ಯ ನನಗಿನ್ನೂ ಸಿಕ್ಕಿಲ್ಲ. ಸಿಕ್ಕಿದ್ದರೆ ನಾನು ಮೊದಲು ಹಲ್ಲನ್ನೇ ನೋಡುತ್ತಿದ್ದೆ, ಏಕೆಂದರೆ ಹಲ್ಲುಸೆಟ್ಟು ತಯಾರಿಸುವುದು ನನ್ನ ಕಸುಬು. ಆ ಕಸುಬನ್ನು ಮೆಚ್ಚಿಯೇ ತಾವು ನನ್ನನ್ನು ‘ನುರಿತ ಕೆಲಸಗಾರ್ತಿ’ ಎಂದು ಈ ದೇಶಕ್ಕೆ ಬರಮಾಡಿಕೊಂಡಿರಿ. ನನ್ನ ಗಂಡನನ್ನೂ ಮಗಳನ್ನೂ ‘ಅವಲಂಬಿತರು’ ಎಂದು ಬರೆದುಕೊಂಡಿರಿ. ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುತ್ತಿದ್ದ ಆ ಮನುಷ್ಯ ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಡುಗೆ, ಬಟ್ಟೆ, ಮಗಳ ಪಾಠ ಎಲ್ಲವನ್ನೂ ನಿಭಾಯಿಸುತ್ತಾ ಬಹಳ ಶ್ರದ್ಧೆಯಿಂದ ನನ್ನನ್ನು ಅವಲಂಬಿಸಿದ್ದಾರೆಂದು ತಿಳಿಸಲು ಹರ್ಷಿಸುತ್ತೇನೆ.

ನನ್ನ ಹಳೆಯ ಲ್ಯಾಬಿನ ಮಾಲೀಕರು ನಮ್ಮ ಭಾಷೆಯವರೇ. ನನ್ನನ್ನು ಬಾಯ್ತುಂಬಾ ಅಕ್ಕಾ ಎಂದು ಕರೆಯುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅವರಿಗೆ ‘ತಮ್ಮಯ್ಯ’ ಎಂದೇ ಹೆಸರು. ರಜೆ ಕೇಳಿದಾಗ, ಸಂಬಳದ ಮಾತೆತ್ತಿದಾಗ, ಕೊನೆಗೆ ಹಲ್ಲಿನ ಅಚ್ಚು ಹಾಕುವ ಪ್ಲಾಸ್ಟರಿನ ಧೂಳು ಹೋಗಲು ಒಂದು ಫ್ಯಾನು ಬೇಕೆಂದಾಗಲೂ ತಮ್ಮಯ್ಯ ನಗುನಗುತ್ತಾ, “ಅಕ್ಕಾ, ನಿಮ್ಮ ವೀಸಾ ನನ್ನ ಲ್ಯಾಬಿನ ಹೆಸರಲ್ಲಿದೆ, ನೆನಪಿದೆ ತಾನೆ?” ಎನ್ನುತ್ತಿದ್ದರು. ಹೆತ್ತ ತಾಯಿಯೂ ನನಗೆ ಇಷ್ಟು ಸಲ ಬುದ್ಧಿ ಹೇಳಿರಲಿಲ್ಲ.

ಹೀಗಿರುವಾಗ ಈ ನಗರದ ಆಚೆ ತುದಿಯ ಇನ್ನೊಂದು ಲ್ಯಾಬಿನ ಯಜಮಾನಮ್ಮ ನಾನು ಮಾಡಿದ ಸೆಟ್ಟೊಂದನ್ನು ಕಂಡು ಮೆಚ್ಚಿ, “ನಮ್ಮಲ್ಲಿಗೆ ಬರ್ತೀರಾ? ಕಿಟಕಿ ಪಕ್ಕದ ಜಾಗ ಕೊಡ್ತೀನಿ” ಎಂದರು. ಕಿಟಕಿ ಎಂಬ ಮಾತಿಗೇ ನಾನು ಸೋತುಹೋದೆ. ಹೊಸ ಲ್ಯಾಬು ತಮಗೆ ಅರ್ಜಿ ಹಾಕಿತು, ನಾನು ರಾಜೀನಾಮೆ ಕೊಟ್ಟೆ. “ಅಕ್ಕಾ, ನೀವು ಹೋದ್ರೆ ನನ್ನ ಬಲಗೈಯೇ ಹೋದ ಹಾಗೆ” ಎಂದು ತಮ್ಮಯ್ಯ ಕಣ್ಣೊರೆಸಿಕೊಂಡರು. ಆ ಕರವಸ್ತ್ರ ಒಣಗುವ ಮೊದಲೇ, ತಿಂಗಳ ಕೊನೆಯವರೆಗೂ ಕಾಯದೆ, ನನ್ನ ಕೆಲಸ ಅಂದೇ ಮುಗಿಯಿತೆಂದು ತಮಗೆ ವರದಿ ಒಪ್ಪಿಸಿದರು.

ಆಗ ತಮ್ಮಿಂದ ಬಂದ ಆದೇಶವನ್ನು ನಾನು ಓದಿದೆ, ಗಂಡನಿಂದ ಓದಿಸಿದೆ, ಅರ್ಥವಾಗದೆ ಇಬ್ಬರೂ ಒಟ್ಟಿಗೆ ಓದಿದೆವು. ಹೊಸ ಲ್ಯಾಬಿನ ಅರ್ಜಿಗೆ ಅಪ್ಪಣೆ ಬರುವವರೆಗೆ ನಾನು ಇಲ್ಲಿ ಇರಬಹುದು, ಆದರೆ ಕೆಲಸ ಮಾಡುವಂತಿಲ್ಲ. ಗಡುವಿನೊಳಗೆ ಅಪ್ಪಣೆ ಬಾರದಿದ್ದರೆ ಇರುವಂತೆಯೂ ಇಲ್ಲ. ಮಗಳ ಶಾಲೆ ಅರ್ಧವರ್ಷಕ್ಕೆ ಬಂದಿತ್ತು. ಗಂಡ ದೊಡ್ಡ ಡಬ್ಬಿಗಳನ್ನು ಬಿಟ್ಟು ಸಣ್ಣ ಪೊಟ್ಟಣಗಳಲ್ಲಿ ಸಾಮಾನು ತರತೊಡಗಿದರು. ಸುಮ್ಮನೆ ಕೂತು ಅಭ್ಯಾಸವಿಲ್ಲದ ನಾನು ಮನೆಯಲ್ಲಿದ್ದ ಚಮಚಗಳನ್ನೆಲ್ಲ ಕನ್ನಡಿಯಂತೆ ಉಜ್ಜಿಟ್ಟೆ.

ಇಂಥ ಒಂದು ಮಧ್ಯಾಹ್ನ ಮೇಲಿನ ಮನೆಯ ತಾತ ಬಾಗಿಲು ತಟ್ಟಿದರು. ಟೈಲರ್ ಆಗಿದ್ದು ನಿವೃತ್ತರಾದವರು, ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಅವರ ಒಂದು ಕೈಯಲ್ಲಿ ಹಲ್ಲುಸೆಟ್ಟು, ಇನ್ನೊಂದರಲ್ಲಿ ಅದರಿಂದ ಕಳಚಿದ ಮುಂದಿನ ಹಲ್ಲು. “ನಾಳೆ ಮೊಮ್ಮಗಳ ಮದುವೆ ಕಣಮ್ಮ. ಎಲ್ಲರೆದುರು ನಾಲ್ಕು ಮಾತಾಡ್ಬೇಕು. ಹೀಗೇ ಹೋದ್ರೆ ಬರೀ ಗಾಳಿ ಬರುತ್ತೆ” ಎಂದರು. ನಿಜಕ್ಕೂ ಗಾಳಿಯೇ ಹೆಚ್ಚು ಬಂದದ್ದರಿಂದ ಇದನ್ನು ಅವರು ಎರಡು ಸಲ ಹೇಳಬೇಕಾಯಿತು. ಅದನ್ನು ಸರಿಮಾಡುವ ಪುಡಿ, ದ್ರವ, ಅರ ಎಲ್ಲವೂ ನನ್ನ ಸಲಕರಣೆಯ ಪೆಟ್ಟಿಗೆಯಲ್ಲೇ ಇದ್ದವು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಗಂಡ ಅದನ್ನು ಹಿಡಿದುಕೊಂಡು, “ಮೊದ್ಲು ಕೇಳು” ಎಂದರು.

ಅದಕ್ಕೇ ತಮ್ಮ ಸಹಾಯವಾಣಿಗೆ ಫೋನು ಮಾಡಿದೆ. ನನ್ನ ಕರೆ ತಮಗೆ ಬಹಳ ಮುಖ್ಯವೆಂದು ಯಂತ್ರವೊಂದು ತಾತನಿಗೆ ತೂಕಡಿಕೆ ಬರುವಷ್ಟು ಹೊತ್ತು ಹೇಳಿದ ಮೇಲೆ ಒಬ್ಬ ಹುಡುಗಿ ಮಾತಿಗೆ ಸಿಕ್ಕಳು.

“ಮೇಡಂ, ಅದಕ್ಕೆ ದುಡ್ಡು ತಗೊಳ್ತೀರಾ?”

“ಇಲ್ಲಮ್ಮ.”

“ಮತ್ಯಾಕೆ ಮಾಡ್ತೀರಾ?”

“ಪಾಪ, ಮೇಲಿನ ಮನೆಯವರು.”

ಆಕೆ ಏನೋ ಹುಡುಕಿದ ಸದ್ದಾಯಿತು. “ಆ ಕಾರಣ ನಮ್ಮ ಪಟ್ಟಿಯಲ್ಲಿಲ್ಲ ಮೇಡಂ. ಕೈಯಿಂದ ಮಾಡಿದ್ರೆ ಕೆಲಸ ಅಂತ ಆಗ್ಬಹುದು.”

“ಬಾಯಲ್ಲಿ ಹೇಳಿಕೊಟ್ರೆ?”

“ಮಾತಾಡ್ಬೇಡಿ ಅಂತ ಎಲ್ಲೂ ಬರೆದಿಲ್ಲ” ಎಂದು ಹೇಳಿ, ಪುಣ್ಯಾತ್ಗಿತ್ತಿ, ಮೆಲ್ಲಗೆ ನಕ್ಕಳು. ತಮ್ಮ ಕಚೇರಿಯಲ್ಲಿ ಯಾರಿಗಾದರೂ ಬಡ್ತಿ ಕೊಡುವುದಿದ್ದರೆ ದಯವಿಟ್ಟು ಆ ಮಗುವಿಗೇ ಕೊಡಿ.

ಹೀಗಾಗಿ ನಾನು ಅಡುಗೆಮನೆಯ ಮೇಜಿನ ಈ ಬದಿ ಕೈ ಕಟ್ಟಿ ಕೂತೆ. ಆ ಬದಿ ತಾತ ಕನ್ನಡಕ ಏರಿಸಿ, ಬರಿಬಾಯಲ್ಲಿ ತುಟಿ ಕಚ್ಚಿ ಕೂತರು. ಅರದಲ್ಲಿ ಉಜ್ಜಿ ಅಂದೆ, ಉಜ್ಜಿದರು. ಪುಡಿ ಸ್ವಲ್ಪ, ಮೇಲೆ ಒಂದು ಹನಿ ಅಂದೆ, ಹಾಕಿದರು. ಹಲ್ಲು ವಾಲಿದ್ದು ಕಂಡು ನಾನು ಎದ್ದೇಬಿಟ್ಟಾಗ ಗಂಡ ಹಿಂದಿನಿಂದ ಭುಜ ಒತ್ತಿ ಕೂರಿಸಿದರು. “ತಾತಾ, ಗುಂಡಿ ಹೊಲಿಯೋವಾಗ ಹಿಡೀತೀರಲ್ಲ, ಹಾಗೆ ಹಿಡೀರಿ!” ಎಂದು ಕೂಗಿದೆ. “ಹಾಗಂತ ಮೊದ್ಲೇ ಹೇಳ್ಬಾರ್ದಾ!” ಎಂದು ರೇಗಿ ತಾತ ಹಲ್ಲನ್ನು ನೆಟ್ಟಗೆ ನಿಲ್ಲಿಸಿದರು. ಅದು ಗಟ್ಟಿಯಾದ ಮೇಲೆ ಉಜ್ಜಿ ನುಣುಪು ಮಾಡಿ, ತೊಳೆದು, ಬಾಯಿಗಿಟ್ಟುಕೊಂಡು ಅವರು ಸ್ಪಷ್ಟವಾಗಿ ಆಡಿದ ಮೊದಲ ಮಾತು: “ನಿನ್ನ ವೀಸಾದವರು ಎಲ್ಲಿ ಕೂರ್ತಾರೆ, ತೋರಿಸು.” ಅವರನ್ನು ಸಮಾಧಾನಪಡಿಸಿ ಮೇಲೆ ಕಳಿಸಿದ್ದು ನಾವೇ. ತಾವು ಇದಕ್ಕಾಗಿ ಕೃತಜ್ಞರಾಗಿರಬೇಕೆಂದು ವಿನಂತಿ. ಮರುದಿನ ಮದುವೆಯಲ್ಲಿ ಆ ನಾಲ್ಕು ಮಾತು ಎಷ್ಟು ಬೆಳೆಯಿತೆಂದರೆ, ವಧುವೇ ಬಂದು ಮೈಕು ಇಸಿದುಕೊಳ್ಳಬೇಕಾಯಿತು.

ತಮ್ಮ ಅಪ್ಪಣೆಯೂ ಬಂತು. ಗಡುವಿನ ವಾರದಲ್ಲೇ, ಮಗಳ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಾಗ ಬಂತು. ಗಂಡ ಪೆಟ್ಟಿಗೆಯನ್ನು ಅಲ್ಲೇ ನೆಲಕ್ಕೆ ಬೋರಲು ಹಾಕಿದರು. ಮಗಳು ಆ ಪುಸ್ತಕಗಳ ಮೇಲೆಯೇ ಕುಣಿದಳು. ನಾನು ಅತ್ತೆನೆಂದು ಅವರಿಬ್ಬರೂ ಹೇಳುತ್ತಾರೆ. ತಮ್ಮ ಪಟ್ಟಿಯಲ್ಲಿ ಹಲ್ಲುಸೆಟ್ಟಿನವರು ಇಲ್ಲದ್ದರಿಂದ ಈ ಸಲ ನನ್ನ ವೃತ್ತಿಯನ್ನು ‘ಶಿಲ್ಪಿ’ ಎಂದು ಬರೆದಿದ್ದೀರಿ. ಇಷ್ಟು ದೊಡ್ಡ ಮಾತು ಬೇಡವಿತ್ತು. ಆದರೂ ಕಿಟಕಿ ಪಕ್ಕದಲ್ಲಿ ಕೂತು ದವಡೆ ಕೆತ್ತುವಾಗ ಬೆನ್ನು ಸ್ವಲ್ಪ ನೆಟ್ಟಗಾಗುವುದು ಸುಳ್ಳಲ್ಲ.

ಕೊನೆಯದಾಗಿ ಕೆಲವು ಬೇಡಿಕೆಗಳು. ಕೈ ಸುಮ್ಮನಿರದವರಿಗಾಗಿ ಒಂದು ವೀಸಾ, ನೆರೆಮನೆಯವರಾಗಿರಲು ಒಂದು ಪರವಾನಗಿ, ಮತ್ತು ಬೇರೆ ಯಾರ ಹೆಸರಿನಲ್ಲೂ ಇರದೆ ನನ್ನ ಹೆಸರಿನಲ್ಲೇ ಇರುವ ನನ್ನದೇ ವೀಸಾ, ಇವಿಷ್ಟನ್ನು ತಮ್ಮ ಬಿಡುವಿನಲ್ಲಿ ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಸದ್ಯಕ್ಕೆ ಕಾನೂನುಬದ್ಧವಾಗಿ ಕೈ ಆಡಿಸುತ್ತಿರುವ
ತಮ್ಮ ವಿಶ್ವಾಸಿ,
ಶಿಲ್ಪಿ (ಹಲ್ಲುಸೆಟ್ಟು ವಿಭಾಗ)

ಮರೆತ ಮಾತು: ತಮ್ಮ ಸೇವೆಯನ್ನು ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಎಂದು ಕೇಳಿ ತಾವು ಕಳಿಸಿದ ಸಮೀಕ್ಷೆ ತಲುಪಿತು. ಸಂತೋಷದಿಂದ ‘ಖಂಡಿತ’ ಎಂದು ಒತ್ತಿದೆ. ಮುಂದಿನ ಪುಟದಲ್ಲಿ ಆ ಸ್ನೇಹಿತರ ಹಳೆಯ ವಿಳಾಸಗಳು, ತಂದೆತಾಯಿಯ ಜನ್ಮಸ್ಥಳ ಮತ್ತು ಬೆರಳಚ್ಚು ಕೇಳಿದ್ದರಿಂದ, ಹಿಂದಕ್ಕೆ ಬಂದು ನನಗೆ ಸ್ನೇಹಿತರೇ ಇಲ್ಲವೆಂದು ಬರೆದಿದ್ದೇನೆ.