ನಿಜಲಿಂಗಪ್ಪನವರ ಸಾಗವಾನಿ ಕಪಾಟು

"ಶ್ವೇತಾನ ಮದಿವಿಗೆ ಒಂದು ಸ್ಟೀಲಿನ ಕಪಾಟು ಕೊಟ್ರ ಸಾಕಲ್ರಿ" ಎಂದು ಹೆಂಡತಿ ಪ್ರೇಮವ್ವ ಅಂದದ್ದೇ ತಪ್ಪಾಯಿತು. ರಾಣೆಬೆನ್ನೂರಿನ ಭಾಂಡೆ ಅಂಗಡಿಯ ನಿಜಲಿಂಗಪ್ಪನವರು ಬಾಯಿಯ ತನಕ ಬಂದಿದ್ದ ರೊಟ್ಟಿಯ ತುತ್ತನ್ನು ತಿರುಗಿ ತಾಟಿಗೆ ಇಟ್ಟರು.

"ತಗಡು? ನನ್ನ ಮಗಳಿಗೆ ತಗಡು ಕೊಡ್ಲೇನು? ಬ್ಯಾಡಗಿ ಬೀಗರು ಏನಂದಾರು?"

ದಿನವಿಡೀ ಸ್ಟೀಲು, ಹಿತ್ತಾಳೆ ಮಾರುವ ಮನುಷ್ಯ ಲೋಹವನ್ನು ಇಷ್ಟು ಕೀಳಾಗಿ ಕಾಣಲು ಕಾರಣವಿತ್ತು. ಕಟ್ಟಿಗೆಯನ್ನು ತಮ್ಮಷ್ಟು ಬಲ್ಲವರು ಹಾವೇರಿ ಜಿಲ್ಲೆಯಲ್ಲೇ ಇಲ್ಲ ಎಂಬ ಹೆಮ್ಮೆ ಅವರದು. ಯಾರ ಮನೆಗೆ ಹೋದರೂ ಕೂಡುವ ಮೊದಲು ಕುರ್ಚಿಯನ್ನು ಬೆರಳಗಂಟಿನಿಂದ ಬಡಿಯುತ್ತಿದ್ದರು. ಡಾಕ್ಟರು ರೋಗಿಯ ಎದೆಗೆ ಕಿವಿಗೊಟ್ಟಂತೆ ಕೇಳುತ್ತಿದ್ದರು. "ಸಾಗವಾನಿ, ಅಡ್ಡಿಯಿಲ್ಲ" ಎಂದೋ, "ಬೇವು, ಬಣ್ಣ ಬಡದಾರ" ಎಂದೋ ತೀರ್ಪು ಕೊಟ್ಟ ಮೇಲೆಯೇ ಚಹಾ. ಆ ತೀರ್ಪು ಸರಿಯೋ ತಪ್ಪೋ ಎಂದು ಯಾರೂ ಕುರ್ಚಿ ಒಡೆದು ನೋಡಿರಲಿಲ್ಲವಾದ್ದರಿಂದ ಅವರ ಕೀರ್ತಿ ವರ್ಷದಿಂದ ವರ್ಷಕ್ಕೆ ಬೆಳೆದಿತ್ತು.

ಹಾವೇರಿಯಲ್ಲಿ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಮಾಲೀಕರ ಬಂಗಲೆ ಇತ್ತು. ಅಲ್ಲಿನ ಹಳೆಯ ಸಾಮಾನುಗಳ ಹರಾಜು, ಊರ ಮಾತಿನಲ್ಲಿ ಲಿಲಾವು, ಅಂದೇ ಇತ್ತು. ನಿಜಲಿಂಗಪ್ಪನವರು ಅಂಗಿ ತೊಟ್ಟು, ಪಕ್ಕದ ಮನೆಯ ಟೇಲರ್ ಭರಮಣ್ಣನನ್ನು ಜೊತೆಗೆ ಎಳೆದುಕೊಂಡು ಹೊರಟರು.

"ಸಂಜೀಗೆ ಬೀಗರು ಬರ್ತಾರ, ಲಗೂ ಬರ್ರಿ!" ಎಂದು ಪ್ರೇಮವ್ವ ಬಾಗಿಲಿನಿಂದ ಕೂಗಿದರು.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಬಸ್ಸಿನಿಂದ ಇಳಿಯುವಾಗ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದರು. ಆದರೆ ಬಂಗಲೆಯ ನಡುಮನೆಗೆ ಕಾಲಿಟ್ಟದ್ದೇ ನಿಜಲಿಂಗಪ್ಪನವರಿಗೆ ಧೂಳು, ದಣಿವು ಎರಡೂ ಮರೆತುಹೋದವು. ಗೋಡೆಗೆ ಬೆನ್ನು ಹಚ್ಚಿ ಒಂದು ಕಪಾಟು ನಿಂತಿತ್ತು. ಆಳಿಗಿಂತ ಎತ್ತರ, ಬಾಗಿಲ ತುಂಬ ಗಿಳಿ ಬಳ್ಳಿಗಳ ಕೆತ್ತನೆ, ಸವೆದು ಹೊಳಪು ಬಂದ ಹಿತ್ತಾಳೆ ಹಿಡಿಕೆ.

ಅವರು ಬಡಿದರು. ಘನವಾದ ದನಿ. ಖಾನೆಯನ್ನು ಎಳೆದು ಮೂಸಿದರು. ಸಾಗವಾನಿಯ ಎಣ್ಣೆವಾಸನೆ ಇನ್ನೂ ಹೋಗಿರಲಿಲ್ಲ. ಖಾನೆಯ ಮೂಲೆಗಳು ಕೈಬೆರಳು ಹೆಣೆದಂತೆ ಒಂದರೊಳಗೊಂದು ಕೂತಿದ್ದವು, ಎಲ್ಲಿಯೂ ಒಂದು ಮೊಳೆ ಇಲ್ಲ. ಉಗುರಿನಿಂದ ಗೀರಿದರು, ಗೀರು ಬೀಳಲಿಲ್ಲ. ಹಿಂಭಾಗ ನೋಡಲು ಕಪಾಟನ್ನು ಸರಿಸಬೇಕಿತ್ತು. ಮುಂದೆ ಇಷ್ಟು ಚೆಂದ ಇದ್ದದ್ದು ಹಿಂದೆ ಇನ್ನು ಹೇಗೆ ಇದ್ದೀತು ಎಂದು ಬಿಟ್ಟುಬಿಟ್ಟರು.

ಅಷ್ಟರಲ್ಲಿ ಹುಬ್ಬಳ್ಳಿಯ ಇಬ್ಬರು ಹೋಟೆಲ್ ಮಾಲೀಕರು ಬಂದು ಕಪಾಟಿನ ಸುತ್ತ ಸುಳಿಯತೊಡಗಿದರು. ಅವರ ಬೆರಳುಗಳಲ್ಲಿ ಉಂಗುರ, ಕಣ್ಣಲ್ಲಿ ಆಸೆ. ಕಪಾಟು ಕೈತಪ್ಪೀತು ಎಂದು ನಿಜಲಿಂಗಪ್ಪನವರು ಹೆದರಿದರು. ಮರುಗಳಿಗೆಯೇ ಬುದ್ಧಿ ಓಡಿತು. ಇಡೀ ನಡುಮನೆಗೆ ಕೇಳುವಂತೆ ದನಿ ಎತ್ತಿದರು.

"ಭರಮಣ್ಣ, ಮಾರಿ ನೋಡಿ ಮರುಳಾಗಬ್ಯಾಡ! ಮುಂದಷ್ಟ ಸಾಗವಾನಿ. ಹಿಂದ ಮಾವಿನ ಹಲಗಿ ಬಡದಾರ. ಹುಳ ತಿಂದು ತಿಂದು ಹಿಟ್ಟು ಮಾಡ್ಯಾವ. ಇದ್ರಾಗ ಸೀರಿ ಇಟ್ರ ಜರಡಿ ಆಗ್ತಾವ, ಜರಡಿ!"

"ಹೌದೇನ್ರಿ ಅಣ್ಣಾರ?" ಎಂದು ಭರಮಣ್ಣ ಕಣ್ಣರಳಿಸಿದ.

"ದನಿ ಕೇಳಿದ್ರ ತಿಳೀತೈತಿ ನನಗ."

ಗುಂಪಿನಲ್ಲಿ ಗುಸುಗುಸು ಹಬ್ಬಿತು. "ಅವ್ರು ರಾಣೆಬೆನ್ನೂರ ನಿಜಲಿಂಗಪ್ಪನವ್ರಲ್ಲ? ಅವ್ರಂದ್ರ ಮುಗೀತ್ರಿ." ಹೋಟೆಲ್ ಮಾಲೀಕರು ಊಟದ ಮೇಜಿನ ಕಡೆಗೆ ಸರಿದರು. ಕಪಾಟಿನ ಸರದಿ ಬಂದಾಗ ಒಂದು ಕೈಯೂ ಮೇಲೇಳಲಿಲ್ಲ. ಹರಾಜು ಕೂಗುವವನು ಕೂಗಿ ಕೂಗಿ ಬೇಡಿಕೊಳ್ಳುವ ಹಂತಕ್ಕೆ ಬಂದ. ಆಗ ನಿಜಲಿಂಗಪ್ಪನವರು ಕನಿಕರಪಟ್ಟವರ ಹಾಗೆ, "ಹೋಗ್ಲಿ, ಒಲೀಗಾದ್ರೂ ಆದೀತು" ಎಂದು ಒಂದು ಬೆರಳು ಎತ್ತಿದರು. ಕಪಾಟು ಉರುವಲಿನ ದರಕ್ಕೆ ಅವರದಾಯಿತು.

ಟೆಂಪೊದಲ್ಲಿ ಕಪಾಟಿಗೆ ಗೋಣಿತಾಟು ಹೊದಿಸಿ ಹಗ್ಗ ಬಿಗಿದ ಮೇಲೆ ಭರಮಣ್ಣನಿಗೆ ತಡೆಯಲಾಗಲಿಲ್ಲ. "ಹುಳ ತಿಂದದ್ದನ್ನ ಯಾಕ ತಗೊಂಡ್ರಿ ಅಣ್ಣಾರ?"

"ಹುಚ್ಚಪ್ಪ, ಹುಳ ಎಲ್ಲೈತೋ? ಅದೆಲ್ಲ ಲಿಲಾವಿನ ಯುಕ್ತಿ!"

ಭರಮಣ್ಣ ಅವರ ಕಾಲು ಮುಟ್ಟುವುದೊಂದು ಬಾಕಿ. ನಿಜಲಿಂಗಪ್ಪನವರು ದಾರಿಯುದ್ದಕ್ಕೂ ಕಪಾಟಿನ ಪಕ್ಕ ಮೆರವಣಿಗೆಯ ಮದುಮಗನ ಹಾಗೆ ಎದೆ ಸೆಟೆಸಿ ಕುಳಿತಿದ್ದರು.

ಟೆಂಪೊ ಮನೆಯ ಮುಂದೆ ನಿಂತದ್ದೇ ಓಣಿಗೆ ಓಣಿಯೇ ನೆರೆಯಿತು. ನಾಲ್ಕು ಜನ ಹೊತ್ತು ಬಾಗಿಲಿಗೆ ತಂದರು. ಒಳಗೆ ಹೋಗಲಿಲ್ಲ. ಅಡ್ಡ ಮಾಡಿದರು, ಹೋಗಲಿಲ್ಲ. ಓರೆ ಮಾಡಿದರು, ಬಾಗಿಲ ಚೌಕಟ್ಟು ಕಿರ್ ಅಂದಿತು. ಎದುರು ಮನೆಯ ನಿವೃತ್ತ ಶಿಕ್ಷಕಿ ಸರಸ್ವತೀಬಾಯಿ ಕಟ್ಟೆಯ ಮೇಲೆ ನಿಂತು, "ನಿಜಲಿಂಗಪ್ಪನವರ, ಇದು ಒಳಗ ಹೋಗಬೇಕಂದ್ರ ಮನೀನ ಹೊರಗ ತರಬೇಕಾಗ್ತದ" ಎಂದರು.

"ಹೆಂಗೂ ಬ್ಯಾಡಗಿಗೆ ಹೋಗೋದು. ಅಂಗಳದಾಗ ಇರ್ಲಿ ಬಿಡ್ರಿ, ಮಂದಿ ನೋಡ್ಲಿ!" ಎಂದರು ನಿಜಲಿಂಗಪ್ಪನವರು.

ಮಂದಿ ನೋಡಿದರು. ಗಿಳಿಗಳನ್ನು ಕಂಡು ಪ್ರೇಮವ್ವನ ಮುನಿಸೂ ಕರಗಿತು. ಕಪಾಟಿನ ಬಾಗಿಲಿಗೆ ಅರಿಷಿಣ ಕುಂಕುಮ ಹಚ್ಚಿದರು. ಶ್ವೇತಾ ಹಿಡಿಕೆಯನ್ನು ಸೆರಗಿನಿಂದ ಒರೆಸಿ, "ಅಪ್ಪಾರ, ಭಾಳ ಚೊಲೋ ಐತ್ರಿ" ಎಂದಳು. ಆ ಒಂದು ಮಾತಿಗೆ ನಿಜಲಿಂಗಪ್ಪನವರ ಕಣ್ಣು ತುಂಬಿ ಬಂದವು.

ಆಗ ಬೀಗರಾದ ಕೊಟ್ರೇಶಪ್ಪನವರು ಬಂದರು. ಬ್ಯಾಡಗಿಯ ಮೆಣಸಿನಕಾಯಿ ದಲಾಲರು, ದೊಡ್ಡ ಮೀಸೆಯ ನೇರ ಮಾತಿನ ಮನುಷ್ಯ. ಅಂಗಳದ ಬಾಗಿಲಲ್ಲೇ ನಿಂತು ಕಪಾಟು ನೋಡಿದರು.

"ಇದು ಯಾರಿಗ್ರಿ ಬೀಗರ?"

"ಮತ್ಯಾರಿಗೆ? ನಿಮ್ಮ ಮನಿ ಸೊಸಿಗೆ!"

ಕೊಟ್ರೇಶಪ್ಪನವರ ಮುಖ ಅವರು ಮಾರುವ ಮಾಲಿನ ಬಣ್ಣಕ್ಕೆ ತಿರುಗಿತು. "ನಾನೂ ಹಾವೇರಿ ಲಿಲಾವಿಗೆ ಬಂದಿದ್ದೆ. ಇದನ್ನ ತಗೋಬೇಕಂತನ ಬಂದಿದ್ದೆ. ಹುಳ ತಿಂದೈತಿ ಅಂತ ನಿಮ್ಮ ಬಾಯಿಂದ ಕೇಳಿ, ನಮ್ಮ ಬೀಗರು ಅಂದ ಮ್ಯಾಲ ಇನ್ನೇನಂತ ಗುಂಪಿನ ಹಿಂದಿನಿಂದನ ಹೊಂಟು ಬಂದೆ. ಹುಳ ತಿಂದದ್ದು ನನ್ನ ಮನೀಗೇ ಆಗಬೇಕಿತ್ತೇನ್ರಿ? ಇಷ್ಟ ಏನು ನಮ್ಮ ಮರ್ಯಾದಿ?"

ಶ್ವೇತಾ ಒಳಗೆ ಸರಿದು ಬಾಗಿಲ ಮರೆಯಲ್ಲಿ ನಿಂತಳು. ನಿಜಲಿಂಗಪ್ಪನವರು ಮಗಳ ಕಡೆ ನೋಡಿದರು, ಓಣಿಯ ಕಡೆ ನೋಡಿದರು. ಇಷ್ಟು ವರ್ಷ ಗಳಿಸಿದ ಹೆಸರು ಈಗ ಹೋಗುವುದಿತ್ತು. ಹೋಗಲಿ ಎಂದುಕೊಂಡರು.

"ಬೀಗರ, ಸುಳ್ಳು ಹೇಳಿದ್ನಿರಿ. ಎಲ್ಲಾರ ಮುಂದ ಒಪ್ಪತೀನಿ. ಹುಬ್ಬಳ್ಳಿಯವ್ರು ಹೊಡಕೊಂಡು ಹೋಗಬಾರ್ದಂತ ಹುಳದ ಕತಿ ಕಟ್ಟಿದೆ. ಮಾವಿನ ಹಲಗೀನೂ ಇಲ್ಲ, ಹುಳಾನೂ ಇಲ್ಲ. ಮಗಳ ಮ್ಯಾಲಿನ ಆಸೇಕ ನಾಲಿಗಿ ಹೊಲಸು ಮಾಡಿಕೊಂಡೆ."

ಕೊಟ್ರೇಶಪ್ಪನವರ ಮೀಸೆ ಸ್ವಲ್ಪ ಸಡಿಲಾಯಿತು. "ಹಂಗಾರ ಗಟ್ಟಿ ಐತಿ ಅಂತೀರಿ?"

"ಗಟ್ಟಿ? ಆನಿ ಒದ್ರೂ ಅಲಗಾಡಂಗಿಲ್ಲ. ನೋಡ್ರಿ ಬೇಕಾರ!" ನಿಜಲಿಂಗಪ್ಪನವರು ಕಪಾಟಿನ ಹಿಂದೆ ಹೋಗಿ, ಕರಿಬಣ್ಣ ಬಳಿದ ಹಿಂಬದಿಗೆ ಮುಷ್ಟಿ ಬಿಗಿದು ಒಂದೇಟು ಗುದ್ದಿದರು.

ಸದ್ದೇ ಬರಲಿಲ್ಲ. ಕೈ ಮೊಣಕೈತನಕ ಒಳಗೆ ಹೋಯಿತು. ತೂತಿನಿಂದ ಹಳದಿ ಹಿಟ್ಟು ಸೊರಸೊರ ಸುರಿದು ಅವರ ಧೋತರದ ಮೇಲೆಲ್ಲ ಹರಡಿತು.

ಕೊಟ್ರೇಶಪ್ಪನವರು ಹತ್ತಿರ ಬಂದರು. ಮುರಿದ ಚೂರನ್ನು ಬೆಳಕಿಗೆ ಹಿಡಿದರು. "ಮಾವಿನ ಹಲಗಿ" ಎಂದರು. ಹಿಟ್ಟನ್ನು ಬೆರಳಿನಿಂದ ಮುಟ್ಟಿದರು. "ಹುಳಾನೂ ಐತಿ. ನೀವು ಅಂದದ್ದರಾಗ ಒಂದಕ್ಷರ ಹೆಚ್ಚುಕಮ್ಮಿ ಇಲ್ಲ!"

"ಬೀಗರ, ದೇವರಾಣಿ, ನಾ ಖರೇನ ಸುಳ್ಳು ಹೇಳಿದ್ನಿರಿ!"

ಕೊಟ್ರೇಶಪ್ಪನವರು ಅಂಗಳ ನಡುಗುವಂತೆ ನಕ್ಕರು. "ಸಾಕು ಬಿಡ್ರಿ ನಾಟಕ! ತಿಳೀತು ನನಗ. ಹುಳ ತಿಂದ ಕಪಾಟು ಮುಂದಿಟ್ಟು ಈ ಬೀಗ ಎಂಥಾ ಮನುಷ್ಯ, ಸಾಮಾನಿಗೆ ಜಗಳಾ ತಗೀತಾನೇನು ಅಂತ ಪರೀಕ್ಷಾ ಮಾಡಿದ್ರಿ. ನಾ ಸಿಟ್ಟಿಗೆದ್ದು ಸಣ್ಣವ ಆದೆ. ತಪ್ಪಾತ್ರಿ!" ಎಂದು ಕೈ ಮುಗಿದರು. ತಿರುಗಿ ಕೈ ಮುಗಿಯಬೇಕೆಂದರೆ ನಿಜಲಿಂಗಪ್ಪನವರ ಬಲಗೈ ಇನ್ನೂ ಕಪಾಟಿನೊಳಗಿತ್ತು.

"ಬರೇ ದನಿ ಕೇಳಿ ಹೇಳಿದ್ರು, ನಾ ಕಣ್ಣಾರೆ ಕಂಡೇನಿ!" ಎಂದು ಭರಮಣ್ಣ ಕೂಗಿದ. ಟೆಂಪೊದ ಮಾತು ಅವನಿಗೆ ನೆನಪೇ ಇರಲಿಲ್ಲ. ಓಣಿಯ ಮಂದಿ ಚಪ್ಪಾಳೆ ತಟ್ಟಿದರು.

ಪ್ರೇಮವ್ವ ಮೆಲ್ಲಗೆ, "ಬೀಗರ, ಹಂಗಾರ ಸ್ಟೀಲಿಂದು ಒಂದು ಕೊಡ್ತೇವ್ರಿ" ಎಂದರು.

"ಛೇ ಛೇ!" ಎಂದರು ಕೊಟ್ರೇಶಪ್ಪನವರು. "ಇಂಥಾ ಕಣ್ಣಿರೋ ಮನಿಯಿಂದ ಸ್ಟೀಲು ಬಂದ್ರ ಬ್ಯಾಡಗಿಯವ್ರು ನಗತಾರ. ಬೀಗರೇ ಖುದ್ದು ಕಟ್ಟಿಗಿ ಆರಿಸಿ ಹೊಸಾದು ಮಾಡಸ್ಲಿ. ಹಿಂದೂ ಮುಂದೂ ಅಪ್ಪಟ ಸಾಗವಾನಿ. ಮತ್ತ ನಾ ಕಟ್ಟಾಕತ್ತಿರೋ ಹೊಸಾ ಮನಿ ಕದ ಕಿಟಕಿ ಎಲ್ಲಾ ಇನ್ನ ಅವರ ಜವಾಬ್ದಾರಿ. ಅವ್ರು ಬಡದು ಹೂಂ ಅಂದದ್ದನ್ನ ಕಣ್ಣು ಮುಚ್ಚಿ ತಗೋತೇನಿ!"

ಬೀಗರು ಚಹಾ ಕುಡಿದು ಹೋದರು. ಓಣಿಯವರು ಮಾತ್ರ ಕದಲಲಿಲ್ಲ, ತೂತನ್ನೂ ನಿಜಲಿಂಗಪ್ಪನವರನ್ನೂ ಸರದಿಯಂತೆ ನೋಡುತ್ತ ನಿಂತಿದ್ದರು. ಪ್ರೇಮವ್ವ ಗಂಡನ ಮುಂಗೈಯ ತರಚು ಗಾಯಕ್ಕೆ ಅರಿಷಿಣ ಒತ್ತುತ್ತ ಕಿವಿಯ ಹತ್ತಿರ ಕೇಳಿದರು:

"ಖರೇ ಹೇಳ್ರಿ, ಹಿಂದ ಮಾವಿನ ಹಲಗಿ ಐತಿ ಅಂತ ನಿಮಗ ಗೊತ್ತಿತ್ತೇನು?"

ನಿಜಲಿಂಗಪ್ಪನವರು ನೆರೆದ ಮಂದಿಯನ್ನು ಒಮ್ಮೆ ನೋಡಿದರು. ಧೋತರದ ಮೇಲಿನ ಹಿಟ್ಟು ಕೊಡವಿದರು. ಬೆನ್ನು ತಾನಾಗಿ ನೆಟ್ಟಗಾಯಿತು.

"ಮತ್ತ?" ಎಂದರು, ಎಲ್ಲರಿಗೂ ಕೇಳುವಂತೆ. "ಗೊತ್ತಿಲ್ದನ ಹೇಳ್ತಾರೇನು?"